ಬೆಂಗಳೂರಿನಲ್ಲಿ ಮಗುವಿಗೆ ಮನೆಯಲ್ಲೇ ಪಾಠ: ಕಾನೂನು, ಕಾಗದಪತ್ರ, ಪರೀಕ್ಷೆಗಳ ಸಮಗ್ರ ಮಾರ್ಗದರ್ಶಿ

ಮಗುವನ್ನು ಮನೆಯಲ್ಲೇ ಓದಿಸಬೇಕೆಂದು ತೀರ್ಮಾನಿಸಿದ ಅಪ್ಪ ಅಮ್ಮ ಮೊದಲು ಕೇಳುವುದು, ಇದಕ್ಕೆ ಪರವಾನಗಿ ಎಲ್ಲಿ ತೆಗೆದುಕೊಳ್ಳಬೇಕು ಎಂದು. ಅಂಥ ಪರವಾನಗಿ ಕರ್ನಾಟಕದ ಯಾವ ಕಚೇರಿಯಲ್ಲೂ ಇಲ್ಲ. ಅರ್ಜಿ ನಮೂನೆ ಇಲ್ಲ, ಶುಲ್ಕ ಇಲ್ಲ, ನೋಂದಣಿ ಸಂಖ್ಯೆಯೂ ಇಲ್ಲ. ದುಡ್ಡು ಕೊಟ್ಟರೆ ‘ಹೋಮ್‌ಸ್ಕೂಲಿಂಗ್ ಸರ್ಟಿಫಿಕೇಟ್’ ಮಾಡಿಸಿಕೊಡುತ್ತೇವೆ ಎನ್ನುವವರು ಸಿಕ್ಕರೆ ಅವರಿಂದ ದೂರವಿರಿ. ಆ ಕಾಗದಕ್ಕೆ ಯಾವ ಕಾಲೇಜೂ ಬೆಲೆ ಕೊಡುವುದಿಲ್ಲ.

ಪರವಾನಗಿ ಇಲ್ಲ ಎಂದಮಾತ್ರಕ್ಕೆ ಮಾಡಬೇಕಾದ ಕೆಲಸ ಕಡಿಮೆಯೇನಲ್ಲ. ಮಗುವಿನ ಹೆಸರು, ವಯಸ್ಸು, ಓದು ಇವಕ್ಕೆ ನಡುವೆ ಎಲ್ಲೂ ಕಡಿಯದ ದಾಖಲೆ ಇರಬೇಕು. ಹತ್ತನೇ ತರಗತಿಯ ಪರೀಕ್ಷೆ ಯಾರದು ಎಂಬುದು ಬೇಗ ನಿರ್ಧಾರವಾಗಬೇಕು. ಇವೆರಡರಲ್ಲಿ ಎಡವಿದವರಿಗೆ ತೊಂದರೆ ಎದುರಾಗುವುದು ಮಗುವಿಗೆ ಎಂಟು ವರ್ಷವಾದಾಗಲ್ಲ, ಹದಿನೆಂಟಾದಾಗ, ಸೀಟು ಹಂಚಿಕೆಯ ಹೊತ್ತಿಗೆ.

ಕಾನೂನಿನಲ್ಲಿ ಏನಿದೆ

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 3ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 10ನೇ ಸೆಕ್ಷನ್ ನಿಮಗೆ ಸಂಬಂಧಪಟ್ಟದ್ದು: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಅಥವಾ ಪೋಷಕರ ಕರ್ತವ್ಯ ಎನ್ನುತ್ತದೆ ಅದು. ಅದನ್ನು ಓದಿ ಕೆಲವರು ಗಾಬರಿಯಾಗುತ್ತಾರೆ, ಕೆಲವರು ಓದುವುದೇ ಇಲ್ಲ. ಎರಡೂ ಬೇಡ. ಕರ್ತವ್ಯ ಪಾಲಿಸದ ಪೋಷಕರಿಗೆ ದಂಡವನ್ನಾಗಲಿ ಜೈಲನ್ನಾಗಲಿ ಈ ಕಾಯ್ದೆ ಹೇಳಿಲ್ಲ. ದಂಡ ಇರುವುದು ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ, ಕ್ಯಾಪಿಟೇಶನ್ ಪಡೆಯುವವರಿಗೆ, ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷೆಗೆ ಒಡ್ಡುವವರಿಗೆ.

ಕೇಂದ್ರ ಸರ್ಕಾರದ ನಿಲುವು ಕೂಡ ಒಂದೇ ಕಡೆ ನಿಂತಿಲ್ಲ. ದೆಹಲಿ ಹೈಕೋರ್ಟಿನ ಪ್ರಕರಣವೊಂದರಲ್ಲಿ 2012ರಲ್ಲಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಇಷ್ಟಪಟ್ಟು ಮನೆಯಲ್ಲಿ ಓದಿಸುವವರಿಗೆ ಆರ್‌ಟಿಇ ಅಡ್ಡಿಯಲ್ಲ ಎಂದಿತು. ಆಮೇಲೆ ಆ ಪ್ರಮಾಣಪತ್ರವನ್ನೇ ಹಿಂತೆಗೆದುಕೊಂಡಿತು. ಹಾಗಾಗಿ ‘ಹೋಮ್‌ಸ್ಕೂಲಿಂಗ್ ಪೂರ್ತಿ ಕಾನೂನುಬದ್ಧ’ ಎನ್ನುವ ಮಾತೂ ‘ಅಪರಾಧ’ ಎನ್ನುವ ಮಾತೂ ಎರಡೂ ತಪ್ಪು. ಕಾನೂನು ನಿಷೇಧಿಸಿಲ್ಲ, ರಕ್ಷಣೆಯನ್ನೂ ಕೊಟ್ಟಿಲ್ಲ. ಈ ಜಾಗದಲ್ಲಿ ನಿಂತವರಿಗೆ ಆಸರೆ ದಾಖಲೆಯೇ.

ಒಂದು ಗುಂಪಿನ ಮಕ್ಕಳಿಗೆ ಮಾತ್ರ ಕಾಯ್ದೆಯೇ ಮನೆ ಓದಿನ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿಯಿಂದ, ಬಹುವಿಧ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು. ನಿಮ್ಮ ಮಗು ಈ ಗುಂಪಿಗೆ ಸೇರಿದ್ದರೆ ಕೆಳಗಿನ ಎಷ್ಟೋ ಹಂತಗಳು ನಿಮಗೆ ಬೇಕಾಗುವುದಿಲ್ಲ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಗುವಿನ ಹೆಸರು ದಾಖಲಿಸಿ, ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಶಿಕ್ಷಕರು ಮನೆಗೆ ಬಂದು ಕಲಿಸುವ ವ್ಯವಸ್ಥೆ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಹೆಸರು ಶಾಲೆಯ ಹಾಜರಿಯಲ್ಲೇ ಇರುವುದರಿಂದ ಮುಂದೆ ವ್ಯಾಸಂಗ ಪ್ರಮಾಣಪತ್ರಕ್ಕೂ ಅಲೆಯಬೇಕಿಲ್ಲ.

ಹಂತ 1: ಹೆಸರು ಮತ್ತು ಹುಟ್ಟಿದ ದಿನಾಂಕ ಸರಿಪಡಿಸಿಕೊಳ್ಳಿ

ಶಾಲೆಗೆ ಹೋಗುವ ಮಗುವಿನ ಹೆಸರು ದಾಖಲಾತಿ ರಿಜಿಸ್ಟರಿನಲ್ಲಿ ಒಮ್ಮೆ ಕೂತರೆ ಅದೇ ಹತ್ತನೇ ತರಗತಿಯ ಅಂಕಪಟ್ಟಿಗೆ ಹೋಗುತ್ತದೆ. ಮನೆಯಲ್ಲಿ ಓದುವ ಮಗುವಿಗೆ ಆ ರಿಜಿಸ್ಟರ್ ಇಲ್ಲ. ಆದ್ದರಿಂದ ಜನನ ಪ್ರಮಾಣಪತ್ರವೇ ಬುಡ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲಾ ಪ್ರವೇಶವೂ ಸೇರಿ ಹಲವು ಕಡೆ ಹುಟ್ಟಿದ ದಿನಾಂಕಕ್ಕೆ ಅದೇ ದಾಖಲೆ.

ಜನನ ಪ್ರಮಾಣಪತ್ರ, ಮಗುವಿನ ಆಧಾರ್, ತಂದೆಯ ಆಧಾರ್, ತಾಯಿಯ ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರ ಹೋಲಿಸಿ. ನಮ್ಮಲ್ಲಿ ಪೇಚು ತರುವುದು ಇನಿಷಿಯಲ್. ಜನನ ಪ್ರಮಾಣಪತ್ರದಲ್ಲಿ ಬರೀ ‘ಆದ್ಯ’, ಆಧಾರ್‌ನಲ್ಲಿ ‘ಆದ್ಯ ಎಸ್’, ಹಳೆಯ ನರ್ಸರಿಯ ಕಾಗದದಲ್ಲಿ ‘ಎಸ್. ಆಧ್ಯಾ’ ಎಂದಿರುತ್ತದೆ, ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚು. ಮನೆಯವರ ಕಣ್ಣಿಗೆ ಮೂರೂ ಒಂದೇ ಮಗು, ಕಂಪ್ಯೂಟರಿಗೆ ಮೂರು ಮಕ್ಕಳು. ತಾಯಿಯ ಹೆಸರು ಮದುವೆಗೆ ಮುಂಚಿನದೋ ಆಮೇಲಿನದೋ ಎಂಬುದನ್ನೂ ನೋಡಿಕೊಳ್ಳಿ. ತಿದ್ದುಪಡಿ ಬೇಕಿದ್ದರೆ ಮೊದಲು ಜನನ ನೋಂದಣಾಧಿಕಾರಿಯ ಕಚೇರಿ, ಆಮೇಲೆ ಆಧಾರ್ ಕೇಂದ್ರ. ಹಿಂದುಮುಂದಾಗಿ ಹೋದರೆ ಎರಡೆರಡು ಸಲ ತಿರುಗಬೇಕಾಗುತ್ತದೆ. 5ನೇ ಮತ್ತು 15ನೇ ವಯಸ್ಸಿನಲ್ಲಿ ಆಧಾರ್ ಬಯೋಮೆಟ್ರಿಕ್ ನವೀಕರಣ ಕಡ್ಡಾಯ. 15ರದ್ದು ಪರೀಕ್ಷಾ ನೋಂದಣಿಯ ಹೊತ್ತಿಗೇ ಬರುವುದರಿಂದ ಮರೆಯಬೇಡಿ.

ಮೀಸಲಾತಿಗೆ ಅರ್ಹರಾದವರು ನಾಡಕಚೇರಿಯಿಂದ ಮಗುವಿನ ಹೆಸರಿನಲ್ಲೇ ಜಾತಿ ಪ್ರಮಾಣಪತ್ರ ಪಡೆದಿಡಿ. ಟಿಸಿಯಲ್ಲಿ ಜಾತಿ ಇದೆಯಲ್ಲ ಎನ್ನುವ ಅನುಕೂಲ ಮನೆಯಲ್ಲಿ ಓದುವ ಮಗುವಿಗೆ ಇಲ್ಲ.

ಹಂತ 2: ಈಗಾಗಲೇ ಶಾಲೆಯಲ್ಲಿದ್ದರೆ ಟಿಸಿ ಪಡೆದೇ ಹೊರಬನ್ನಿ

ಸುಮ್ಮನೆ ಶಾಲೆಗೆ ಕಳಿಸುವುದನ್ನು ನಿಲ್ಲಿಸುವುದು ದೊಡ್ಡ ತಪ್ಪು. ಸತತ ಏಳು ದಿನ ಕಾರಣವಿಲ್ಲದೆ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಲೆಕ್ಕ ಹಿಡಿಯುವ ಪದ್ಧತಿ ಕರ್ನಾಟಕದಲ್ಲಿದೆ. ಹೊರಗುಳಿದ ಮಕ್ಕಳ ವಿಷಯವನ್ನು ರಾಜ್ಯ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಇಲಾಖೆ ಈ ಪಟ್ಟಿಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಶೈಕ್ಷಣಿಕ ವರ್ಷ ಮುಗಿದ ಮೇಲೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ. ಟಿಸಿ ಕೈಗೆ ಬಂದಾಗ ಇಷ್ಟು ನೋಡಿ: ಮಗುವಿನ ಸ್ಯಾಟ್ಸ್ ಸಂಖ್ಯೆ (ರಾಜ್ಯ ಶಿಕ್ಷಣ ಇಲಾಖೆಯ ಜಾಲದಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಇದೆಯೇ, ಕೊನೆಯ ತರಗತಿ ತೇರ್ಗಡೆಯಾದ ಬಗ್ಗೆ ಬರೆದಿದ್ದಾರೆಯೇ, ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಸರಿಯಿದೆಯೇ. ಕೇಂದ್ರದ ಶಾಲಾ ಮಾಹಿತಿ ಜಾಲವಾದ ಯುಡೈಸ್‌ನ ಪೆನ್ ಸಂಖ್ಯೆಯನ್ನೂ (ಮಗುವಿನ ಕಾಯಂ ಶಿಕ್ಷಣ ಸಂಖ್ಯೆ) ಬರೆಸಿಕೊಳ್ಳಿ. ಮಗು ಮರಳಿ ಶಾಲೆಗೆ ಹೋಗುವ ದಿನ ಬಂದರೆ ಹೊಸ ಶಾಲೆ ಇವೇ ಸಂಖ್ಯೆಗಳಿಂದ ಮಗುವನ್ನು ತನ್ನ ಲೆಕ್ಕಕ್ಕೆ ಎಳೆದುಕೊಳ್ಳುತ್ತದೆ.

ಟಿಸಿಯ ಜೊತೆಗೆ ಪ್ರತಿ ತರಗತಿಯ ವ್ಯಾಸಂಗ ಪ್ರಮಾಣಪತ್ರವನ್ನೂ ಅಂದೇ ಕೇಳಿ ಪಡೆಯಿರಿ. ಯಾಕೆ ಎಂಬುದು ಹಂತ 6ರಲ್ಲಿದೆ. ಹತ್ತು ವರ್ಷ ಬಿಟ್ಟು ಹೋದರೆ ಶಾಲೆ ಮುಚ್ಚಿರಬಹುದು, ಆಡಳಿತ ಬದಲಾಗಿರಬಹುದು.

ಹೆಸರು ಮಾತ್ರ ಒಂದು ಶಾಲೆಯಲ್ಲಿಟ್ಟು ಮಗುವನ್ನು ಮನೆಯಲ್ಲಿ ಓದಿಸುವ ಒಳದಾರಿ ನಗರದಲ್ಲಿ ಚಾಲ್ತಿಯಲ್ಲಿದೆ. ಅದಕ್ಕೆ ಕೈಹಾಕಬೇಡಿ. ಹತ್ತನೇ ತರಗತಿಗೆ ಶೇ 75 ಹಾಜರಾತಿ ಬೇಕು. ಸುಳ್ಳು ಹಾಜರಾತಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪರೀಕ್ಷೆ ತಪ್ಪುವುದು ಮಗುವಿಗೆ.

ಮಗು ಇನ್ನೂ ಶಾಲೆಗೇ ಸೇರಿಲ್ಲದಿದ್ದರೆ ಈ ಹಂತ ಇಲ್ಲ. ಆದರೆ ಒಂದನೇ ತರಗತಿಯ ವಯಸ್ಸಿನ ನಿಯಮ ನೆನಪಿರಲಿ: ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲಿ ಬಂದು, 2025-26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲವಾಗಿತ್ತು. ನಿಮ್ಮ ಮಗು ಎಷ್ಟನೇ ತರಗತಿಯ ಓದಿನಲ್ಲಿದೆ ಎಂದು ಲೆಕ್ಕ ಹಾಕುವಾಗ ಇದೇ ಅಳತೆ ಇಟ್ಟುಕೊಳ್ಳಿ.

ಹಂತ 3: ಮಾಹಿತಿ ಪತ್ರ ಸಿದ್ಧವಿಟ್ಟುಕೊಳ್ಳಿ

ಇಲಾಖೆಗೆ ಮುಂಚಿತವಾಗಿ ತಿಳಿಸಲೇಬೇಕೆಂಬ ನಿಯಮ ಇಲ್ಲ. ಆದರೂ ಬರೆದು ಸಹಿ ಹಾಕಿದ ಪತ್ರವೊಂದು ಮನೆಯಲ್ಲಿರಲಿ ಎಂಬುದು ನಮ್ಮ ಸಲಹೆ. ಮನೆ ಮನೆ ಸಮೀಕ್ಷೆಗೆ ಅಂಗನವಾಡಿ ಕಾರ್ಯಕರ್ತೆಯೋ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೋ (ಸಿಆರ್‌ಪಿ) ಬಂದಾಗ ಬಾಗಿಲಲ್ಲಿ ನಿಂತು ವಾದ ಮಾಡುವುದಕ್ಕಿಂತ ಪತ್ರದ ಪ್ರತಿ ಕೈಗಿಡುವುದು ಮೇಲು. ಅವರ ಕೆಲಸ ಪಟ್ಟಿ ತುಂಬುವುದು, ನಿಮ್ಮ ಮೇಲೆ ಅವರಿಗೆ ಹಗೆಯಿಲ್ಲ. ಒಳಗೆ ಕರೆದು ಕೂರಿಸಿ, ಮಗುವಿನ ಪುಸ್ತಕಗಳನ್ನು ತೋರಿಸಿ.

ಪತ್ರದಲ್ಲಿ ‘ಅನುಮತಿ ಕೋರಿ’ ಎಂದು ಬರೆಯಬೇಡಿ. ಅನುಮತಿ ಕೊಡುವ ಅಧಿಕಾರ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಇಲ್ಲ. ಕೇಳಿದರೆ ‘ಅವಕಾಶವಿಲ್ಲ’ ಎಂಬ ಹಿಂಬರಹ ಬಂದು ಅದೇ ನಿಮ್ಮ ವಿರುದ್ಧದ ಕಾಗದವಾಗಿ ಉಳಿಯುತ್ತದೆ. ಮಾಹಿತಿ ಕೊಡಿ, ಅಷ್ಟು ಸಾಕು:

ಇವರಿಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳು, (ನಿಮ್ಮ ವಲಯ), ಬೆಂಗಳೂರು.
ವಿಷಯ: ನಮ್ಮ ಮಗುವಿನ ಶಿಕ್ಷಣದ ಬಗ್ಗೆ ಮಾಹಿತಿ.
ಮಾನ್ಯರೇ, ನಮ್ಮ ಮಗಳು/ಮಗ (ಹೆಸರು), ಜನನ ದಿನಾಂಕ (ದಿನಾಂಕ), ಸ್ಯಾಟ್ಸ್ ಸಂಖ್ಯೆ (ಇದ್ದರೆ), (ಶಾಲೆಯ ಹೆಸರು) ಶಾಲೆಯಲ್ಲಿ 4ನೇ ತರಗತಿ ತೇರ್ಗಡೆಯಾಗಿ ಟಿಸಿ ಪಡೆದಿರುತ್ತಾಳೆ/ತ್ತಾನೆ. ಪ್ರಸ್ತುತ ತಂದೆ ತಾಯಿಯಾದ ನಮ್ಮ ಮೇಲ್ವಿಚಾರಣೆಯಲ್ಲಿ ಮನೆಯಲ್ಲಿ 5ನೇ ತರಗತಿಯ ಪಠ್ಯಕ್ರಮ ಕಲಿಯುತ್ತಿದ್ದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯಲಿರುತ್ತಾಳೆ/ತ್ತಾನೆ. ಮಗುವನ್ನು ಯಾವುದೇ ದುಡಿಮೆಗೆ ತೊಡಗಿಸಿರುವುದಿಲ್ಲ. ಕಲಿಕಾ ದಾಖಲೆಗಳು ನಮ್ಮಲ್ಲಿದ್ದು ತಾವು ಬಯಸಿದಾಗ ತೋರಿಸುತ್ತೇವೆ.

ಕೆಳಗೆ ತಂದೆ ತಾಯಿ ಇಬ್ಬರ ಸಹಿಯೂ ಬೇಕು. ದಂಪತಿಯ ನಡುವೆ ಮುಂದೆ ಮನಸ್ತಾಪವಾಗಿ ಮಗುವಿನ ಸುಪರ್ದಿ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿದರೆ ‘ಶಾಲೆ ಬಿಡಿಸಿದ್ದು ಯಾರು’ ಎಂಬ ಪ್ರಶ್ನೆ ಬರುತ್ತದೆ. ಕಚೇರಿಯಿಂದ ಲಿಖಿತವಾಗಿ ಕೇಳಿದರೆ ಟಪಾಲು ಶಾಖೆಯಲ್ಲಿ ಪತ್ರ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ.

ದುಡಿಮೆಯ ಮಾತು ಸುಮ್ಮನೆ ಸೇರಿಸಿದ್ದಲ್ಲ. 14ರ ಒಳಗಿನ ಮಕ್ಕಳನ್ನು ಕೆಲಸಕ್ಕಿಡುವುದನ್ನು 2016ರಲ್ಲಿ ತಿದ್ದುಪಡಿಯಾದ ಕಾಯ್ದೆ ನಿಷೇಧಿಸಿದೆ. ಶಾಲೆಯ ಸಮಯದಲ್ಲಿ ಮಗು ನಿಮ್ಮದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರೆ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಸಹಜ.

ಹಂತ 4: ದಿನಚರಿ ಬರೆಯಿರಿ, ಕಡತ ಕಟ್ಟಿ

ಎಷ್ಟು ಹೊತ್ತು ಕಲಿಸಬೇಕೆಂದು ಮನೆಗೆ ಯಾರೂ ನಿಯಮ ಮಾಡಿಲ್ಲ. ಆದರೆ ಆರ್‌ಟಿಇ ಅನುಸೂಚಿ ಶಾಲೆಗಳಿಗೆ ವಿಧಿಸಿದ ಪ್ರಮಾಣ ಒಳ್ಳೆಯ ಅಳತೆಗೋಲು: 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ, 6ರಿಂದ 8ಕ್ಕೆ 220 ದಿನ, 1000 ಗಂಟೆ. ಅಂದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ 4 ಗಂಟೆ, ದೊಡ್ಡವರಿಗೆ ನಾಲ್ಕೂವರೆ ಗಂಟೆಯ ಆಸುಪಾಸು. ಒಬ್ಬ ಮಗುವಿಗೆ ಇಷ್ಟು ಕಷ್ಟವೇನಲ್ಲ.

200 ಪುಟದ ಒಂದು ನೋಟ್‌ಬುಕ್ ಇಡಿ, ದಿನಕ್ಕೊಂದು ಪುಟ. ನಮೂದು ಹೀಗಿದ್ದರೆ ಸಾಕು: ‘ಜೂನ್ 12, ಗುರುವಾರ. ಗಣಿತ 50 ನಿಮಿಷ: ಭಿನ್ನರಾಶಿ ಕೂಡಿಸುವುದು, ಛೇದ ಬೇರೆ ಬೇರೆ, 12 ಲೆಕ್ಕದಲ್ಲಿ 4 ತಪ್ಪು, ಲ.ಸಾ.ಅ. ಮತ್ತೆ ಹೇಳಬೇಕು. ಕನ್ನಡ 40 ನಿಮಿಷ: ಒತ್ತಕ್ಷರದ ಉಕ್ತಲೇಖನ. ವಿಜ್ಞಾನ: ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಎಂಜಿನ್ ಮಾದರಿಗಳು, 2 ಗಂಟೆ.’ ‘ಗಣಿತ ಮಾಡಿಸಿದೆವು’ ಎಂದಷ್ಟೇ ಬರೆದ ಪುಟ ಆರು ತಿಂಗಳ ನಂತರ ನಿಮಗೇ ಏನೂ ಹೇಳುವುದಿಲ್ಲ. ತಪ್ಪಿದ್ದನ್ನೂ ಬರೆದಿಟ್ಟ ದಿನಚರಿಯನ್ನು ಓದಿದ ಅಧಿಕಾರಿಗೆ ಮಗು ನಿಜವಾಗಿ ಕಲಿಯುತ್ತಿದೆ ಎಂದು ನಂಬಿಕೆ ಬರುತ್ತದೆ.

ತಿಂಗಳಿಗೊಮ್ಮೆ ಪ್ರತಿ ವಿಷಯದ ಎರಡು ಹಾಳೆ, ಮಗು ತಾನೇ ಬರೆದದ್ದು, ದಿನಾಂಕ ಹಾಕಿ ಕಡತಕ್ಕೆ ಸೇರಿಸಿ. ಮೂರು ತಿಂಗಳಿಗೊಮ್ಮೆ ಲಿಖಿತ ಪರೀಕ್ಷೆ ಕೊಟ್ಟು ತಿದ್ದಿದ ಉತ್ತರಪತ್ರಿಕೆಯನ್ನೂ ಇಡಿ. ಲಸಿಕೆ ಕಾರ್ಡು, ಈಜು ಅಥವಾ ಸಂಗೀತ ತರಗತಿಯ ರಸೀದಿ, ಗ್ರಂಥಾಲಯದ ಸದಸ್ಯತ್ವ ಕೂಡ ಇದರಲ್ಲೇ ಇರಲಿ. ಪಠ್ಯಪುಸ್ತಕಕ್ಕೆ ಖರ್ಚಿಲ್ಲ: ರಾಜ್ಯದ ಪಠ್ಯವೂ ಎನ್‌ಸಿಇಆರ್‌ಟಿಯದೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ನಾಲ್ಕೈದು ಮನೆಯವರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದು, ಶಿಕ್ಷಕರನ್ನಿಟ್ಟು, ತಿಂಗಳ ಶುಲ್ಕ ವಸೂಲು ಮಾಡುವ ಯೋಚನೆ ಇದ್ದರೆ ಎಚ್ಚರ. ಹೊರಗಿನ ಕಣ್ಣಿಗೆ ಅದು ಶಾಲೆ. ಮಾನ್ಯತೆ ಇಲ್ಲದ ಶಾಲೆ ನಡೆಸಿದರೆ ಆರ್‌ಟಿಇ 18ನೇ ಸೆಕ್ಷನ್ ಪ್ರಕಾರ 1 ಲಕ್ಷ ರೂಪಾಯಿವರೆಗೆ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ. ವಾರಕ್ಕೆರಡು ದಿನ ಒಬ್ಬರ ಮನೆಯಲ್ಲಿ ಮಕ್ಕಳು ಸೇರಿ ಆಡುವುದು ಓದುವುದು ಬೇರೆ, ಫಲಕ ಹಾಕಿ ಪ್ರವೇಶ ನಡೆಸುವುದು ಬೇರೆ.

ಹಂತ 5: ಪರೀಕ್ಷೆಯ ದಾರಿ ಆರಿಸಿ

ಮಗುವಿಗೆ ಹತ್ತು ವರ್ಷವಾಗುವುದರೊಳಗೆ ಇದು ತೀರ್ಮಾನವಾಗಿರಬೇಕು. ಮನೆಯಲ್ಲಿ ಓದಿ ನೇರವಾಗಿ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಹತ್ತನೇ ತರಗತಿ ಬರೆಯುವ ದಾರಿ ಬೆಂಗಳೂರಿನ ಮಗುವಿಗಿಲ್ಲ. ಹೆಚ್ಚಿನವರು ಹಿಡಿಯುವುದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿ. ಅದು 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ.

ಅದರ ಮುಕ್ತ ಮೂಲ ಶಿಕ್ಷಣದಲ್ಲಿ ‘ಎ’ ಹಂತ 3ನೇ ತರಗತಿಗೆ, ‘ಬಿ’ 5ಕ್ಕೆ, ‘ಸಿ’ 8ಕ್ಕೆ ಸಮ. ಹತ್ತನೇ ತರಗತಿಗೆ ಸೇರಲು ಇವು ಕಡ್ಡಾಯವಲ್ಲ. ಓದುವಷ್ಟು ಕಲಿತಿದ್ದೇನೆ ಎಂಬ ಸ್ವಯಂ ದೃಢೀಕರಣಕ್ಕೂ ಅವಕಾಶವಿದೆ. ಆದರೂ ‘ಸಿ’ ಹಂತ ಬರೆಸುವುದು ಒಳ್ಳೆಯದು. ಒಂಬತ್ತನೇ ತರಗತಿಗೆ ಶಾಲೆ ಸೇರುವ ಮನಸ್ಸಾದರೆ ಕೈಯಲ್ಲಿ ಎಂಟರ ಸರ್ಟಿಫಿಕೇಟ್ ಇರುತ್ತದೆ.

ಹತ್ತಕ್ಕೆ 14 ವರ್ಷ ತುಂಬಿರಬೇಕು. ವಯಸ್ಸನ್ನು ಲೆಕ್ಕ ಹಾಕುವ ದಿನ ಪ್ರವೇಶದ ಅವಧಿಗೆ (ಎನ್‌ಐಒಎಸ್ ಇದನ್ನು ಬ್ಲಾಕ್ ಎನ್ನುತ್ತದೆ) ತಕ್ಕಂತೆ ಜನವರಿ 31 ಅಥವಾ ಜುಲೈ 31. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಎರಡಕ್ಕಿಂತ ಹೆಚ್ಚು ಭಾಷೆ ಬೇಡ. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು, ಕೋಡ್ 208. ಪಿಯುನಲ್ಲಿ ವಿಜ್ಞಾನ ಬೇಕೆಂದಿದ್ದರೆ ಗಣಿತ (211), ವಿಜ್ಞಾನ (212) ಬಿಡಬೇಡಿ. ಸುಲಭವೆಂದು ಬೇರೆ ವಿಷಯ ಹಿಡಿದವರಿಗೆ ಕಾಲೇಜಿನಲ್ಲಿ ಬಾಗಿಲು ಮುಚ್ಚುತ್ತದೆ. ಪಾಸಿಗೆ ಶೇ 33. ಒಂದು ನೋಂದಣಿ 5 ವರ್ಷ, 9 ಪರೀಕ್ಷಾ ಅವಕಾಶಗಳವರೆಗೆ ಜೀವಂತ.

ಪ್ರವೇಶ ಆನ್‌ಲೈನ್, ನೀವೇ ಮಾಡಬಹುದು. ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವ ಅಗತ್ಯವಿಲ್ಲ. ಕೊಟ್ಟರೆ ಇನ್ನೊಂದು ಅಪಾಯ: ನೋಂದಣಿಗೆ ಅವರ ಫೋನ್ ನಂಬರು, ಅವರ ಇಮೇಲ್ ಹಾಕುತ್ತಾರೆ. ಒಟಿಪಿಯೂ ಪರೀಕ್ಷೆಯ ಸೂಚನೆಯೂ ಅವರಿಗೇ ಹೋಗುತ್ತವೆ. ಪ್ರವೇಶವಾದ ಮೇಲೆ ಟಿಎಂಎ ಎಂಬ ಮನೆ ನಿಯೋಜನೆಗಳನ್ನು ಮಗುವಿನ ಕೈಬರಹದಲ್ಲೇ ಬರೆಸಿ ಕೊನೆಯ ದಿನಾಂಕಕ್ಕೆ ಮೊದಲೇ ಅಪ್‌ಲೋಡ್ ಮಾಡಿ. ಶೇ 20 ಅಂಕ ಅವುಗಳಿಂದ. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ, ಥಿಯರಿಗಿಂತ ಮುಂಚೆಯೇ ನಡೆಯುತ್ತದೆ. ದಿನಾಂಕಕ್ಕಾಗಿ ಅಧ್ಯಯನ ಕೇಂದ್ರದ ಸಂಪರ್ಕ ಬಿಡಬೇಡಿ.

ಯಾವ ಅವಧಿಯ ಪರೀಕ್ಷೆ ಎಂಬುದೂ ಯೋಚಿಸಬೇಕಾದ ವಿಷಯ. ಏಪ್ರಿಲ್-ಮೇ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಬೆಂಗಳೂರಿನ ಒಳ್ಳೆಯ ಪಿಯು ಕಾಲೇಜುಗಳು ತುಂಬಿರುತ್ತವೆ. ಅಕ್ಟೋಬರ್-ನವೆಂಬರ್‌ನಲ್ಲಿ ಬರೆದರೆ ಅಂಕಪಟ್ಟಿ, ವಲಸೆ ಪ್ರಮಾಣಪತ್ರ ಎರಡೂ ಹಿಡಿದು ಪ್ರವೇಶ ಶುರುವಾಗುವ ದಿನವೇ ಸಾಲಿನಲ್ಲಿ ನಿಲ್ಲಬಹುದು. ಬೇರೆ ಮಂಡಳಿಯಿಂದ ಬಂದವರಿಗೆ ಕಾಲೇಜು ಅರ್ಹತಾ ಪತ್ರ ಕೇಳಿದರೆ ಅದಕ್ಕೆ ಮಲ್ಲೇಶ್ವರ 18ನೇ ಕ್ರಾಸಿನ ಪದವಿಪೂರ್ವ ಶಿಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಹನ್ನೆರಡನ್ನೂ ಎನ್‌ಐಒಎಸ್‌ನಲ್ಲೇ ಮಾಡುವುದಾದರೆ ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎರಡು ವರ್ಷದ ಅಂತರ ಬೇಕು, ಮತ್ತು ಜೆಇಇಗಾಗಿ ಐದು ವಿಷಯ ಪಾಸಾಗಿರಬೇಕು.

ಇನ್ನೊಂದು ದಾರಿ ಎಸ್ಸೆಸ್ಸೆಲ್ಸಿ ಖಾಸಗಿ ಅಭ್ಯರ್ಥಿ. 15 ವರ್ಷ ತುಂಬಿದವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧಿಸೂಚನೆ ನೋಡಿಕೊಂಡು, ಅದು ಹೆಸರಿಸಿದ ಶಾಲೆಗಳ ಮೂಲಕ ನೋಂದಾಯಿಸಬೇಕು. ಕನ್ನಡ ಮಾಧ್ಯಮದಲ್ಲಿ ಬರೆಯುವ ಮಕ್ಕಳಿಗೆ, ರಾಜ್ಯದಲ್ಲೇ ಓದು ಮುಂದುವರಿಸುವವರಿಗೆ ಇದು ಎನ್‌ಐಒಎಸ್‌ಗಿಂತ ಹೊಂದುತ್ತದೆ. ಹತ್ತನೇ ತರಗತಿಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಜ್ ಐಜಿಸಿಎಸ್‌ಇ ಕೂಡ ಇದೆ. ಖಾಸಗಿ ಅಭ್ಯರ್ಥಿಗಳನ್ನು ಒಪ್ಪುವ ಕೇಂಬ್ರಿಜ್ ಶಾಲೆ ಹುಡುಕಬೇಕು, ಖರ್ಚು ಉಳಿದೆರಡಕ್ಕಿಂತ ಬಹಳ ಹೆಚ್ಚು.

ಹಂತ 6: ಸಿಇಟಿಯ ಏಳು ವರ್ಷದ ಲೆಕ್ಕ ಇಂದೇ ಹಾಕಿ

ಮನೆಯಲ್ಲಿ ಓದಿದ ಎಷ್ಟೋ ಜಾಣ ಮಕ್ಕಳು ಸೀಟು ಕಳೆದುಕೊಳ್ಳುವುದು ಇಲ್ಲಿ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಹೆಚ್ಚಿನವರು ಬಳಸುವ ‘ಎ’ ಕಲಂ ಪ್ರಕಾರ ಅಭ್ಯರ್ಥಿ 1ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಮನೆಯ ಓದಿಗೆ ವ್ಯಾಸಂಗ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ. ಜಯನಗರದಲ್ಲೇ ಹುಟ್ಟಿ ಬೆಳೆದ ಮಗುವೂ ಈ ಲೆಕ್ಕದಲ್ಲಿ ಹೊರಗಿನದಾಗುತ್ತದೆ.

ಉದಾಹರಣೆಗೆ ಮಗು 1ರಿಂದ 4ರವರೆಗೆ ಶಾಲೆಯಲ್ಲಿ ಓದಿ, 5ರಿಂದ 10 ಮನೆಯಲ್ಲಿ ಮುಗಿಸಿ, ಪಿಯು ಕಾಲೇಜು ಸೇರಿತೆನ್ನಿ. 4 ಮತ್ತು 2, ಒಟ್ಟು 6. ಒಂದು ವರ್ಷ ಕಡಿಮೆ. ಅದೇ ಮಗು 5ನೇ ತರಗತಿಯನ್ನೂ ಶಾಲೆಯಲ್ಲಿ ಮುಗಿಸಿ ಹೊರಬಂದಿದ್ದರೆ 5 ಮತ್ತು 2, ಲೆಕ್ಕ ಸರಿಹೋಗುತ್ತಿತ್ತು. ಹಾಗಾಗಿ ಮಧ್ಯದಲ್ಲಿ ಬಿಡಿಸುವವರು ಐದನೇ ತರಗತಿಯವರೆಗೆ ತಾಳುವುದು ಜಾಣತನ. ಒಂದನೇ ತರಗತಿಯಿಂದಲೇ ಮನೆಯಲ್ಲಿ ಓದಿಸುವವರಿಗೆ ‘ಬಿ’ ಕಲಂ ಇದೆ: ಮಗು ಎರಡೂ ವರ್ಷದ ಪಿಯುವನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ ಸಾಕು. ಅಮ್ಮ ಹಾಸನದಲ್ಲೋ ಧಾರವಾಡದಲ್ಲೋ ಓದಿದ್ದರೆ ಆ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತಂದಿಡಿ. ಅಪ್ಪ ಅಮ್ಮ ಇಬ್ಬರೂ ಹೊರರಾಜ್ಯದಲ್ಲಿ ಓದಿದವರಾದರೆ ಈ ದಾರಿಯೂ ಇಲ್ಲ. ಮಗು ಶಾಲೆಯಲ್ಲಿ ಕಳೆಯುವ ವರ್ಷಗಳನ್ನು ಎಣಿಸಿಯೇ ಹೆಜ್ಜೆ ಇಡಿ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ರವರೆಗಿನ ಶಾಲಾ ದಾಖಲೆ ಬೇಕಾದ್ದರಿಂದ ಮನೆಯಲ್ಲಿ ಓದಿದವರಿಗೆ ಅವು ಸಿಗುವುದಿಲ್ಲ. ಜೆಇಇಗೆ ಈ ಏಳು ವರ್ಷದ ಪ್ರಶ್ನೆಯೇ ಇಲ್ಲ.

ಮರಳಿ ಶಾಲೆಗೆ ಸೇರಿಸುವಾಗ

14ರ ಒಳಗಿನ ಮಗುವಿಗೆ ಆರ್‌ಟಿಇ ಇಲ್ಲಿ ಬೆನ್ನಿಗಿದೆ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. 14ನೇ ಸೆಕ್ಷನ್‌ನಂತೆ ವಯಸ್ಸಿನ ದಾಖಲೆ ಇಲ್ಲವೆಂದೂ 15ರಂತೆ ವರ್ಷದ ನಡುವೆ ಬಂದಿರೆಂದೂ ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರಿ ಶಾಲೆಯಲ್ಲಿ ಇದು ಒಂದೇ ಭೇಟಿಯಲ್ಲಿ ಮುಗಿಯಬಹುದು. ಖಾಸಗಿ ಶಾಲೆ ‘ಸ್ಯಾಟ್ಸ್‌ನಲ್ಲಿ ಮಗು ತೋರಿಸುತ್ತಿಲ್ಲ’ ಎಂದರೆ ಹಳೆಯ ಟಿಸಿಯ ಸಂಖ್ಯೆ ಕೊಡಿ. ಮಗು ಯಾವ ಶಾಲೆಗೂ ಹೋಗಿರದಿದ್ದರೆ ಹೊಸ ಸಂಖ್ಯೆ ಸೃಷ್ಟಿಸಲು ಹೇಳಿ. ಒಪ್ಪದಿದ್ದರೆ ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ ಬಿಇಒ ಕಚೇರಿಗೆ ಹೋಗಿ, ದಿನಚರಿಯ ಕಡತ ಜೊತೆಗಿರಲಿ. 14 ದಾಟಿದ ಮೇಲೆ ಈ ಹಕ್ಕುಗಳ ಬಲ ಇರುವುದಿಲ್ಲ. ಆದ್ದರಿಂದ ಶಾಲೆಗೆ ಮರಳುವ ಯೋಚನೆ ಇದ್ದವರು ಎಂಟನೇ ತರಗತಿಯ ವಯಸ್ಸಿಗೇ ಸೇರಿಸಿಬಿಡುವುದು ಸರಿ.